ನೀರಿಗೆ ಬೆರೆಸಿದ ಬಿಳಿ ಪುಡಿ

ಗೆಂಗ್ ಮನೆಯ ಸೊಸೆ ರೂಯ್‌ಫಾಂಗ್ ಬೆಳಗ್ಗೆ ಎದ್ದು ಒಲೆಯ ಮೇಲೆ ನವಣೆ ಗಂಜಿಗೆ ಇಡುತ್ತಿದ್ದಳು. ಅದು ಕುದಿಯುವಷ್ಟರಲ್ಲಿ ಅಂಗಳ ದಾಟಿ ಕೋಳಿ ಶೆಡ್ಡಿಗೆ ಹೋಗಿ ನೀರಿನ ತೊಟ್ಟಿಗೆ ಬಿಳಿ ಪುಡಿ ಬೆರೆಸಿ ಬರುತ್ತಿದ್ದಳು. ಶಾನ್‌ದೋಂಗ್ ಸೀಮೆಯ ಆ ಊರಿನಲ್ಲಿ ಮನೆಗೊಂದು ಶೆಡ್ಡಿತ್ತು, ಪುಡಿ ಹಾಕದ ನೀರನ್ನು ಯಾವ ಮನೆಯವರೂ ಕೋಳಿಗೆ ಇಡುತ್ತಿರಲಿಲ್ಲ. ಕೋಳಿಗೆ ರೋಗ ಬಂದಿರಬೇಕು ಎಂದೇನೂ ಇರಲಿಲ್ಲ. ಮರಿ ಲಾರಿಯಿಂದ ಇಳಿದ ದಿನ ಶುರುವಾದ ಪುಡಿ, ಕೋಳಿ ಲಾರಿ ಹತ್ತುವ ತನಕ ನಡೆಯುತ್ತಿತ್ತು. ಮರಿ ಕೊಡುವ ಕಂಪನಿಯೇ ಪುಡಿಯನ್ನೂ ಕೊಡುತ್ತಿತ್ತು.

ಊರಿಗೆ ಮೊದಲ ಶೆಡ್ಡು ಕಟ್ಟಿಸಿದವನು ಅವಳ ಮಾವ ಗೆಂಗ್ ದೆಶೆಂಗ್. ಆ ಹೆಮ್ಮೆ ಅವನಿಗೆ ಇನ್ನೂ ಆರಿರಲಿಲ್ಲ. ಪುಡಿಯ ಮೇಲೆ ಅವನಿಗಿದ್ದ ನಂಬಿಕೆ ದೇವರ ಮೇಲೂ ಇರಲಿಲ್ಲ. ಹಲ್ಲು ನೋವು ಬಂದರೆ ಚಿಟಿಕೆ ಪುಡಿಯನ್ನು ಒಸಡಿಗೆ ಒತ್ತಿಕೊಳ್ಳುತ್ತಿದ್ದ; ಹೊಟ್ಟೆ ಕೆಟ್ಟರೆ ಬಿಸಿನೀರಿಗೆ ಹಾಕಿ ಕುಡಿಯುತ್ತಿದ್ದ.

"ಕೋಳಿಗೆ ಆಗೋದು ಮನುಷ್ಯನಿಗೆ ಆಗಲ್ವಾ?" ಎನ್ನುತ್ತಿದ್ದ.

"ಕುಡೀರಿ, ಕುಡೀರಿ. ಒಂದಿನ ನೀವೂ ಕೊಕ್ಕೊಕ್ಕೋ ಅಂತ ಮೊಟ್ಟೆ ಇಡ್ತೀರ," ಎಂದು ಅವನ ಹೆಂಡತಿ ಲಾನ್‌ಯಿಂಗ್ ನಗುತ್ತಿದ್ದಳು.

ಲಾನ್‌ಯಿಂಗ್ ಹಿತ್ತಲಿನ ಪೀಚ್ ಮರದ ಕೆಳಗೆ ನಾಲ್ಕಾರು ಕರಿ ಕೋಳಿಗಳನ್ನು ಬೇರೆಯಾಗಿ ಸಾಕಿದ್ದಳು. ಅವಕ್ಕೆ ಪುಡಿ ಇಲ್ಲ, ಬರೀ ಜೋಳ ಮತ್ತು ಸೊಪ್ಪು. ಅವು ಮನೆಯವರ ಊಟಕ್ಕೆ. ಶೆಡ್ಡಿನ ಕೋಳಿಯನ್ನು ಆ ಮನೆಯಲ್ಲಿ ಯಾರೂ ತಿನ್ನುತ್ತಿರಲಿಲ್ಲ. ಊರಿನ ಎಲ್ಲ ಮನೆಗಳಲ್ಲೂ ಹಾಗೆಯೇ. ಪಟ್ಟಣದವರು ತಿನ್ನುವುದು ಒಂದು, ತಾವು ತಿನ್ನುವುದು ಇನ್ನೊಂದು. ಇದರಲ್ಲಿ ತಪ್ಪೇನಾದರೂ ಇದೆ ಎಂದು ಯಾರಿಗೂ ಅನ್ನಿಸಿರಲಿಲ್ಲ.

ರೂಯ್‌ಫಾಂಗ್‌ಗೆ ಒಮ್ಮೆ ಅನ್ನಿಸಿತು. ಊಟಕ್ಕೆ ಕೂತಾಗ ಕೇಳಿಯೂ ಬಿಟ್ಟಳು. "ಮಾವ, ರೋಗ ಇಲ್ದೆ ಇರೋ ಕೋಳಿಗೆ ಯಾಕೆ ಔಷಧಿ?"

"ರೋಗ ಬರಬಾರ್ದು ಅಂತ."

"ಶೆಡ್ಡಲ್ಲಿ ಕಾಲಿಡೋಕೆ ಜಾಗ ಇಲ್ಲ, ನೆಲಕ್ಕೆ ಹಾಸಿದ ಹೊಟ್ಟು ಪೂರ್ತಿ ಒದ್ದೆ. ಅದನ್ನ ಸರಿ ಮಾಡಿದ್ರೆ..."

"ನೀನು ಸೊಸೆಯಾಗಿ ಬರೋಕೆ ಮುಂಚೆ ನಾನು ಕೋಳಿ ಸಾಕ್ದೋನು," ಎಂದು ದೆಶೆಂಗ್ ಬಟ್ಟಲು ಕೆಳಗಿಟ್ಟ. "ಪುಡಿ ನಿಲ್ಲಿಸಿದ್ರೆ ಹೆಣ ಹೊರೋದು ಯಾರು? ನಿಮ್ಮಪ್ಪನಾ?"

ಅವಳ ಗಂಡ, ತಾವ್ ಎಂಬವನು, ಈರುಳ್ಳಿ ರೊಟ್ಟಿಯ ಮೇಲಿಂದ ತಲೆ ಎತ್ತಲಿಲ್ಲ. ಅಪ್ಪನ ಎದುರು ಅವನು ಮಾತಾಡಿದ್ದನ್ನು ಯಾರೂ ಕಂಡಿರಲಿಲ್ಲ. ಮಾತು ಅಲ್ಲಿಗೇ ನಿಂತಿತು.

ಶರತ್ಕಾಲದಲ್ಲಿ ಲಾನ್‌ಯಿಂಗ್‌ಗೆ ಉರಿಮೂತ್ರ ಶುರುವಾಯಿತು. ನಾಚಿಕೆಯಿಂದ ಅವಳು ಗಂಡನಿಗೆ ಬಿಟ್ಟು ಬೇರೆ ಯಾರಿಗೂ ಹೇಳಿಕೊಳ್ಳಲಿಲ್ಲ. ಕಿಬ್ಬೊಟ್ಟೆ ಹಿಡಿದುಕೊಂಡು ಅವಳು ನಡೆಯುವುದನ್ನು ಕಂಡು ಸೊಸೆ ಒತ್ತಾಯ ಮಾಡಿದಾಗಷ್ಟೇ ಬಾಯಿಬಿಟ್ಟಳು.

"ಆಸ್ಪತ್ರೆಗೆ ಹೋಗೋಣ, ಅತ್ತೆ."

"ಇಷ್ಟಕ್ಕೆಲ್ಲಾ ಆಸ್ಪತ್ರೆಯೇ? ನಿಮ್ಮಾವನಿಗೆ ಹೇಳಿದೀನಿ. ಅವರು ಕೊಡ್ತಾರೆ."

ದೆಶೆಂಗ್ ಕೊಟ್ಟ. ದಿನವೂ ತಾನೇ ನೀರು ಬಿಸಿ ಮಾಡಿ, ಪುಡಿ ಕದಡಿ, ಬಟ್ಟಲನ್ನು ಹೆಂಡತಿಯ ತುಟಿಗೆ ಹಿಡಿದು ಕುಡಿಸಿದ. ಅವನಿಗೆ ಹೆಂಡತಿಯ ಮೇಲೆ ಪ್ರೀತಿ ಇತ್ತು. ಅದನ್ನು ತೋರಿಸಲು ಬೇರೆ ದಾರಿ ತಿಳಿದಿರಲಿಲ್ಲ. ಉರಿ ಸೊಂಟಕ್ಕೆ ಏರಿತು, ಆಮೇಲೆ ಜ್ವರ ಬಂತು. ಲಾನ್‌ಯಿಂಗ್ ಮಾತು ತೊದಲತೊಡಗಿ, ಸೊಸೆಯನ್ನು ಸತ್ತುಹೋದ ತನ್ನ ಅಕ್ಕನ ಹೆಸರು ಹಿಡಿದು ಕರೆದ ದಿನ, ರೂಯ್‌ಫಾಂಗ್ ಯಾರನ್ನೂ ಕೇಳದೆ ಗಾಡಿ ತರಿಸಿ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ದಳು. ದೆಶೆಂಗ್ ಬೈಯುತ್ತಲೇ ಗಾಡಿ ಹತ್ತಿದ.

ಡಾಕ್ಟರ್ ಜಿಯಾಂಗ್ ಎನ್ನುವ ನಡುವಯಸ್ಸಿನ ಹೆಂಗಸು ಪರೀಕ್ಷೆ ಮಾಡಿ, ಸೋಂಕು ರಕ್ತಕ್ಕೆ ಸೇರಿದೆ ಎಂದಳು. ಒಂದು ಔಷಧಿ ಕೊಟ್ಟರು, ಜ್ವರ ಇಳಿಯಲಿಲ್ಲ. ಬದಲಾಯಿಸಿದರು, ಆಗಲೂ ಇಳಿಯಲಿಲ್ಲ. ಕೊನೆಗೆ ಬೇರೆ ಯಾವುದೂ ಕೆಲಸ ಮಾಡದಾಗ ಮಾತ್ರ ಕೊಡುವಂಥದ್ದೆಂದು ಎತ್ತಿಟ್ಟಿದ್ದ ಔಷಧಿಯನ್ನು ನರಕ್ಕೆ ಏರಿಸಿದರು. ಅದಕ್ಕೂ ಆ ಕ್ರಿಮಿ ಜಗ್ಗಲಿಲ್ಲ.

ಡಾಕ್ಟರ್ ಹೊರಗೆ ಬಂದು ಕೇಳಿದಳು, "ನೀವು ಕೋಳಿ ಸಾಕ್ತೀರಾ?"

"ಹೂಂ," ಎಂದಳು ರೂಯ್‌ಫಾಂಗ್.

"ಅವಕ್ಕೆ ಏನು ಹಾಕ್ತೀರಿ?"

ರೂಯ್‌ಫಾಂಗ್ ಪುಡಿಯ ಹೆಸರು ಹೇಳಿದಳು. ಡಾಕ್ಟರ್ ವಾರ್ಡಿನ ಬಾಗಿಲ ಕಡೆ ತಿರುಗಿ, "ಒಳಗೆ ಬಾಟ್ಲಿಯಲ್ಲಿ ಏರಿಸ್ತಿರೋದೂ ಅದೇ ಔಷಧಿ ಕಣಮ್ಮಾ," ಎಂದಳು.

"ನಮ್ಮನೆಯೋರು ಶೆಡ್ಡಿನ ಕೋಳಿ ತಿನ್ನಲ್ಲ!" ಎಂದು ದೆಶೆಂಗ್ ನಡುವೆ ಬಾಯಿ ಹಾಕಿದ. "ಮನೆಗೆ ಬೇರೆ ಕೋಳಿ ಇದೆ. ಅದಕ್ಕೆ ಒಂದು ಚಿಟಿಕೇನೂ ಹಾಕಿಲ್ಲ."

"ತಿನ್ಲೇಬೇಕು ಅಂತಿಲ್ಲ, ತಾತ. ಶೆಡ್ಡಿನ ಗೊಬ್ಬರ ಎಲ್ಲಿಗೆ ಹಾಕ್ತೀರಿ?"

"ತರಕಾರಿ ಮಡಿಗೆ."

"ಅಲ್ಲಿ ಓಡಾಡಿದ ಕಾಲಲ್ಲೇ ಅಡುಗೆಮನೆಗೂ ಬರ್ತೀರಿ. ದಿನಾ ಅಷ್ಟಷ್ಟೇ ಔಷಧಿ ಹಾಕಿದ್ರೆ ಬಡಪಾಯಿ ಕ್ರಿಮಿ ಸಾಯುತ್ತೆ, ಗಟ್ಟಿಯಾಗಿರೋದು ಉಳಿಯುತ್ತೆ. ಉಳಿದದ್ದೇ ಮರಿ ಹಾಕುತ್ತೆ. ಅಜ್ಜಿಗೆ ಯಾವ ಕೋಳಿಯಿಂದ, ಯಾರ ಕೈಯಿಂದ ಬಂತು ಅಂತ ನಾನು ಹೇಳಲಾರೆ. ಆದ್ರೆ ಈ ಥರದ್ದು ಇದೇ ಮೊದಲಲ್ಲ. ನಿಮ್ಮ ಸುತ್ತಲಿನ ಊರುಗಳಿಂದ ಬರ್ತಾನೇ ಇದ್ದಾರೆ."

"ನನ್ನ ಕೈಗೆ ಬಿಟ್ಟಿದ್ರೆ ಇಷ್ಟೊತ್ತಿಗೆ ವಾಸಿಯಾಗಿರೋಳು," ಎಂದು ದೆಶೆಂಗ್ ಗೋಡೆಯ ಕಡೆ ತಿರುಗಿದ.

ಲಾನ್‌ಯಿಂಗ್ ಮರುದಿನ ಮಧ್ಯಾಹ್ನ ತೀರಿಕೊಂಡಳು.

ಸೂತಕದ ಬಿಳಿ ಬಟ್ಟೆ ಕಟ್ಟಿಕೊಂಡು ಊರೆಲ್ಲ ಸೇರಿತು. ಏನಾಯಿತು ಎಂದು ಕೇಳಿದವರಿಗೆಲ್ಲ ದೆಶೆಂಗ್ ಒಂದೇ ಮಾತು ಹೇಳಿದ: "ಹಾರ್ಟು. ಒಂದೇ ಸಲಕ್ಕೆ ನಿಂತ್ಹೋಯ್ತು." ನಿಜ ಹೊರಬಿದ್ದರೆ ಊರಿನ ಕೋಳಿಯನ್ನು ಯಾರೂ ಕೇಳುವುದಿಲ್ಲ ಎಂಬ ಹೆದರಿಕೆ ಅವನಿಗಿತ್ತು. ಸಾವಿನ ಮನೆಯಲ್ಲಿ ಜಗಳ ಬೇಡವೆಂದು ರೂಯ್‌ಫಾಂಗ್ ತುಟಿ ಹೊಲಿದುಕೊಂಡು ಬಂದವರಿಗೆ ಊಟ ಬಡಿಸಿದಳು.

ಇದ್ದ ಕೋಳಿ ಲಾರಿ ಹತ್ತಿ ಶೆಡ್ಡು ಖಾಲಿಯಾಗಿ, ತೊಳೆದು ಆರಿದ ಮೇಲೆ ಕಂಪನಿಯ ಲಾರಿ ಬಂತು. ಮರಿಗಳ ಬುಟ್ಟಿಗಳ ಮೇಲೆ ಪುಡಿಯ ಚೀಲಗಳಿದ್ದವು. ನೋಡಲು ನೆರೆಮನೆಯ ಲುವಾನ್ ಬಂದ, ಇನ್ನೂ ನಾಲ್ಕು ಜನ ಬಂದರು.

"ಮರಿ ಇಳಿಸಿ. ಚೀಲ ಇಳಿಸಬೇಡಿ," ಎಂದಳು ರೂಯ್‌ಫಾಂಗ್.

ಕಂಪನಿಯವನು ನಕ್ಕ. "ಎರಡೂ ಒಟ್ಟಿಗೇ ಅಕ್ಕಾ. ಒಂದು ಬೇಡ ಅಂದ್ರೆ ಇನ್ನೊಂದೂ ಇಲ್ಲ."

"ಹಾಗಾದ್ರೆ ಎರಡೂ ವಾಪಸ್ ತಗೊಂಡ್ಹೋಗಿ."

ದೆಶೆಂಗ್ ಗೇಟಿನಿಂದ ಧಾವಿಸಿದ. "ತಲೆ ಕೆಟ್ಟಿದೆಯೇನೇ ನಿಂಗೆ? ಇದು ಯಾರ ಶೆಡ್ಡು?"

"ನಿಮ್ದು, ಮಾವ. ಆದ್ರೆ ನೀರಿಗೆ ಪುಡಿ ಹಾಕೋ ಕೈ ನಂದು. ಇನ್ಮೇಲೆ ಹಾಕಲ್ಲ. ಕೋಳಿಗೆ ರೋಗ ಬಂದ್ರೆ ಪಶುವೈದ್ಯರನ್ನ ಕರೀತೀನಿ, ಅವ್ರು ಹೇಳಿದ ಔಷಧಿ ಹಾಕ್ತೀನಿ. ಅತ್ತೇನ ಕೊಂದ ಪುಡೀನ ಈ ಮನೆ ಒಳಗೆ ಬಿಡಲ್ಲ."

"ಅವಳು ಹಾರ್ಟಿಂದ ಸತ್ಲು!"

"ಡಾಕ್ಟ್ರು ಹೇಳ್ದಾಗ ನೀವೂ ನನ್ ಪಕ್ಕದಲ್ಲೇ ನಿಂತಿದ್ರಿ."

ಅವಳ ಧ್ವನಿ ಏರಿರಲಿಲ್ಲ. ದೆಶೆಂಗ್ ಕೈ ಎತ್ತಿದ. ತಾವ್ ಬಂದು ಅಪ್ಪನಿಗೂ ಹೆಂಡತಿಗೂ ನಡುವೆ ನಿಂತ.

"ನಿಜಾನಾ, ದೆಶೆಂಗ್ ಅಣ್ಣ?" ಎಂದು ಲುವಾನ್ ಮೆಲ್ಲಗೆ ಕೇಳಿದ.

ಮುದುಕ ಎತ್ತಿದ ಕೈಯನ್ನು ಇಳಿಸಿ ಅದನ್ನೇ ನೋಡಿಕೊಂಡ. "ನಾನೇ ಕುಡಿಸ್ದೆ," ಎಂದ. "ಬೇಡ ಅಂದ್ಲು. ಕಹಿ ಅಂದ್ಲು. ಗದರಿಸಿ ಕುಡಿಸ್ದೆ."

ಲಾರಿ ಮರಿಗಳ ಸಮೇತ ಹಿಂದಿರುಗಿತು.

ಆ ಚಳಿಗಾಲ ಗೆಂಗ್ ಮನೆಯ ಶೆಡ್ಡು ಖಾಲಿಯೇ ಇತ್ತು. ಊರಿನ ಕೆಲವರು ರೂಯ್‌ಫಾಂಗ್‌ಳನ್ನು ಮನೆಹಾಳಿ ಎಂದರು, ಎದುರಿಗೆ ಸಿಕ್ಕರೆ ಮುಖ ತಿರುಗಿಸಿದರು. ವಸಂತದಲ್ಲಿ ಅವಳು ಬೇರೆ ಕಡೆಯಿಂದ ಮೊದಲಿನ ಅರ್ಧದಷ್ಟೇ ಮರಿ ತಂದು ಬಿಟ್ಟಳು. ಶೆಡ್ಡಿನ ಗೋಡೆಗೆ ಕಿಟಕಿ ಇಡಿಸಿದಳು, ಒದ್ದೆ ಹೊಟ್ಟನ್ನು ಆಗಾಗ ತೆಗೆಸಿದಳು. ಮೊದಲ ವಾರ ಒಂದಷ್ಟು ಮರಿ ಸತ್ತವು. ದೆಶೆಂಗ್ ಅವನ್ನು ದೂರ ಒಯ್ದು ಸುಣ್ಣ ಹಾಕಿ ಹೂತ. ಪುಡಿಯ ಮಾತೆತ್ತಲಿಲ್ಲ. ಉಳಿದವು ಬೆಳೆದವು.

ಒಂದು ಸಂಜೆ ಲುವಾನ್ ಶೆಡ್ಡಿನ ಬಾಗಿಲಿಗೆ ಬಂದು ನಿಂತ.

"ಸಾಯ್ತಿಲ್ವಾ?"

"ಸಾಯ್ತವೆ. ಮುಂಚೇನೂ ಸಾಯ್ತಿದ್ವು."

ಅವನು ಸ್ವಲ್ಪ ಹೊತ್ತು ಒಳಗೆ ಇಣುಕಿ ನೋಡಿದ. "ನಮ್ ಸೊಸೆಗೆ ಈಗ ದಿನ ತುಂಬಿದೆ, ಮಗು ಬರೋ ಮನೆ," ಎಂದ. "ಹೊಟ್ಟು ಹೇಗೆ ಒಣಗಿಸ್ತೀಯಾ, ತೋರ್ಸಮ್ಮಾ."

"ಬನ್ನಿ. ಆದ್ರೆ ಚಪ್ಪಲಿ ಅಲ್ಲೇ ಬಿಟ್ಟು ಈ ಬೂಟು ಹಾಕ್ಕೊಳ್ಳಿ. ಹೋಗೋವಾಗ ಸೋಪು ಹಾಕಿ ಕೈ ತೊಳ್ಕೋಬೇಕು."

"ಕೋಳಿ ಸಾಕಿ ಸವೆದ ಕೈಗೆ ಸೋಪು ಹಾಕ್ಬೇಕಂತೆ!" ಎಂದು ಗೊಣಗುತ್ತಾ, ಲುವಾನ್ ಬಗ್ಗಿ ಚಪ್ಪಲಿ ಕಳಚಿದ.