ಮೊದಲ ಸವಾರಿಗೆ ಬಾಲದ ಕೋಟು

ಕುದುರೆ ಸವಾರಿ ಅಂದ್ರೆ ಏನಂದ್ಕೊಂಡಿದೀರಿ? ಓಡೋದು, ಹಾರೋದು, ಧೂಳೆಬ್ಬಿಸೋದು ಅಂತ ತಾನೇ? ಡ್ರೆಸಾಜ್ ಅಂತ ಇನ್ನೊಂದಿದೆ. ಅದರಲ್ಲಿ ಧೂಳು ಎದ್ರೆ ಅಂಕ ಹೋಯ್ತು. ಮರಳು ಹಾಸಿದ ಅಂಗಳ, ಸುತ್ತ ಮೊಣಕಾಲೆತ್ತರದ ಬಿಳಿ ಬೇಲಿ, ಬೇಲಿಗುಂಟ ಒಂದೊಂದು ಅಕ್ಷರ ಬರೆದ ಹಲಗೆ. ಈ ಹಲಗೆಯಿಂದ ಆ ಹಲಗೆಗೆ ಕುದುರೆನ ನಡೆಸ್ಬೇಕು, ಸುತ್ತು ಹಾಕಿಸ್ಬೇಕು, ಕಂಬದ ಹಾಗೆ ನಿಲ್ಲಿಸ್ಬೇಕು, ಮೇಜಿನ ಹಿಂದೆ ಕೂತ ತೀರ್ಪುಗಾರರಿಗೆ ತಲೆ ಬಾಗ್ಬೇಕು. ನೋಡೋರಿಗೆ ಆಕಳಿಕೆ, ಮಾಡೋರಿಗೆ ಬೆವರು. ಅದನ್ನ ಮಾಡೋವಾಗ ಮೈಮೇಲೆ ಏನಿರ್ಬೇಕು, ಏನಿರ್ಬಾರ್ದು ಅಂತ ಎರಡು ಪುಟದ ಕಾಗದ ಬೇರೆ. ಆ ಕಾಗದ ಸಿಕ್ಕಿದ್ದು ದೊಡ್ಡಮ್ಮನ ಕೈಗೆ.

ದೊಡ್ಡಮ್ಮ ಅಂದ್ರೆ ಪುಟ್ಟಿಯ ದೊಡ್ಡಮ್ಮ. ಬಸ್ ಸ್ಟಾಪಿನ ಎದುರು, ಒಂದು ಕಟ್ಟಡದ ಮೆಟ್ಟಿಲ ಕೆಳಗೆ ಅವಳ ಅಂಗಡಿ. ನಿಂತ್ರೆ ತಲೆ ತಾಗುತ್ತೆ, ಕೂತ್ರೆ ಮಂಡಿ ತಾಗುತ್ತೆ. ಹೊಲಿಗೆ ಮಷೀನು, ಇಸ್ತ್ರಿ ಪೆಟ್ಟಿಗೆ, ಗುಂಡಿ ಡಬ್ಬ, ಒಂದು ಸ್ಟೂಲು. ಪ್ಯಾಂಟು ಗಿಡ್ಡ ಮಾಡೋದು, ಜಿಪ್ಪು ಬದಲಾಯಿಸೋದು, ಹೊಟ್ಟೆ ಬಂದೋರ ಸೊಂಟ ಬಿಚ್ಚೋದು, ಹೊಟ್ಟೆ ಇಳಿಸ್ಕೊಂಡ್ವಿ ಅಂತ ಬಂದೋರದ್ದು ಮತ್ತೆ ಹಿಡಿಯೋದು. ಮೂವತ್ತು ವರ್ಷ ಇದೇ. ಇಡೀ ಬಟ್ಟೆ ಅಂತ ಮೊದಲಿಂದ ಕೊನೆವರೆಗೆ ಅವಳು ಹೊಲಿದದ್ದು ಜನ್ಮದಲ್ಲಿ ಒಂದೇ. ಅವಳ ತಂಗಿಗೆ, ಅಂದ್ರೆ ಪುಟ್ಟಿಯ ಅಮ್ಮಂಗೆ, ಒಂದು ಕೋಟು.

ಆ ತಂಗಿ ಇದ್ಲಲ್ಲ, ಕುದುರೆ ಸವಾರಿಯಲ್ಲಿ ದೊಡ್ಡ ಹೆಸರು. ಡ್ರೆಸಾಜಿನಲ್ಲಿ ಮೇಲಿನ ದರ್ಜೆಗೆ ಹೋದೋರು ಬಾಲದ ಕೋಟು ಹಾಕ್ತಾರೆ. ಮುಂದೆ ಸೊಂಟದ ತನಕ, ಹಿಂದೆ ಎರಡು ಸೀಳು ಬಾಲ, ಜೀನಿನ ಮೇಲೆ ಇಳಿಬಿದ್ದಿರುತ್ತೆ. ಅದನ್ನ ಹಾಕ್ಕೊಳ್ಳೋ ಯೋಗ್ಯತೆ ಬಂದ ದಿನ ತಂಗಿ ಅಕ್ಕನ ಹತ್ರ ಓಡಿ ಬಂದು, "ನೀನೇ ಹೊಲಿಬೇಕು" ಅಂತ ಹಟ ಹಿಡಿದ್ಲು. ಅಕ್ಕ ಹೊಲಿದ್ಲು. ತಂಗಿ ಅದನ್ನ ಹಾಕ್ಕೊಂಡಿದ್ದು ಎರಡೇ ಸಲ. ಆಮೇಲೆ ಕಾಯಿಲೆ ಬಿದ್ದು ಹೋಗ್ಬಿಟ್ಲು. ಪುಟ್ಟಿಗೆ ಆಗ ನಾಲ್ಕು ವರ್ಷ.

ಅಲ್ಲಿಂದ ಪುಟ್ಟಿನ ಸಾಕಿದ್ದು ದೊಡ್ಡಮ್ಮನೇ. ಜಡೆ ಹಾಕಿದ್ದು, ಜ್ವರಕ್ಕೆ ಒದ್ದೆಬಟ್ಟೆ ಹಾಕಿದ್ದು, ಲೆಕ್ಕದಲ್ಲಿ ಸೊನ್ನೆ ತಗೊಂಡಾಗ ಮೇಡಮ್ಮಿನ ಜೊತೆ ಜಗಳ ಆಡಿದ್ದು, ಎಲ್ಲ. ಆರು ವರ್ಷ. ಆಮೇಲೆ ಅಪ್ಪ ಇನ್ನೊಂದು ಮದುವೆ ಆದ. ಬಂದವಳು ಕೆಟ್ಟವಳಾಗಿದ್ರೆ ದೊಡ್ಡಮ್ಮಂಗೆ ಎಷ್ಟು ಅನುಕೂಲ ಆಗ್ತಿತ್ತು! ಆದ್ರೆ ಆಯಮ್ಮ ರಕ್ತ ಪರೀಕ್ಷೆ ಮಾಡೋ ಲ್ಯಾಬಲ್ಲಿ ಕೆಲಸ ಮಾಡೋಳು. ಮಾತು ಕಡಿಮೆ, ಕೈ ಚುರುಕು. ಸೀಸೆ ಮೇಲೆ ಚೀಟಿ ಅಂಟಿಸೋ ಹಾಗೆ ಎಲ್ಲಾದ್ರಲ್ಲೂ ಅಚ್ಚುಕಟ್ಟು. ಪುಟ್ಟಿ ಅವಳನ್ನ ಚಿಕ್ಕಮ್ಮ ಅಂತಿದ್ಲು, ನೀವು ತಾವು ಅಂತ ದೂರ ಇಟ್ಟಿದ್ಲು. ಎರಡು ವರ್ಷ ಹಾಗೇ ನಡೀತು. ಈಚೆಗೆ ಒಂದು ದಿನ ಫೋನಲ್ಲಿ, "ಚಿಕ್ಕಮ್ಮ, ನೀನು ಬರ್ತೀಯಾ ತಾನೇ?" ಅಂದದ್ದು ದೊಡ್ಡಮ್ಮನ ಕಿವಿಗೆ ಬಿತ್ತು. ಸೂಜಿ ಬೆರಳಿಗೆ ಹೋಯ್ತು. ಅವತ್ತಿಂದ ಆ 'ನೀನು' ಅವಳ ಕಿವಿ ಬಿಟ್ಟು ಹೋಗ್ಲಿಲ್ಲ.

ಇಷ್ಟರಲ್ಲಿ ಪುಟ್ಟಿ ಮೊದಲ ಸ್ಪರ್ಧೆಗೆ ನಿಂತ್ಲು. ಹದಿಮೂರು ವರ್ಷ, ಕುದುರೆ ಹತ್ತಿ ಎರಡು ವರ್ಷ. ಕಲಿಯೋರ ದರ್ಜೆ. ಕುದುರೆಗೆ ಲಾಯದಲ್ಲಿ ಎಲ್ಲರೂ ಮುದುಕ ಅಂತಿದ್ರು. ಬಾಂಬ್ ಬಿದ್ರೂ ಕಿವಿ ಅಲ್ಲಾಡಿಸದ ಪ್ರಾಣಿ.

ಒಂದು ಮಧ್ಯಾಹ್ನ ಚಿಕ್ಕಮ್ಮ ಮೆಟ್ಟಿಲ ಕೆಳಗೆ ಬಗ್ಗಿಕೊಂಡು ಬಂದ್ಲು. ಕೈಯಲ್ಲಿ ಚೀಲ.

"ಅಕ್ಕಾ, ಬಿಡುವಿದೆಯಾ?"

"ಬಿಡುವು ನಮ್ಮಂಥೋರಿಗೆಲ್ಲಿ? ಸತ್ತ ಮೇಲೆ," ಅಂದ್ಲು ದೊಡ್ಡಮ್ಮ, ಮಷೀನು ನಿಲ್ಲಿಸದೆ.

ಚಿಕ್ಕಮ್ಮ ಚೀಲದಿಂದ ಒಂದು ಗಿಡ್ಡ ಕೋಟು ತೆಗೆದ್ಲು. ಕಡುನೀಲಿ, ಯಾರೋ ಹಾಕಿ ಬಿಟ್ಟದ್ದು, ಆದ್ರೆ ಒಳ್ಳೇ ಬಟ್ಟೆ. "ಮೈಗೆಲ್ಲ ಸರಿ ಇದೆ. ತೋಳು ಮಾತ್ರ ಎರಡು ಬೆರಳು ಉದ್ದ. ಅಷ್ಟು ಮಾಡ್ಕೊಟ್ರೆ ಸಾಕು. ಬಿಳಿ ಪ್ಯಾಂಟು ಸಿಕ್ತು. ಕೈಗವಸು ಕಪ್ಪೇ ತಂದೆ. ಬಿಳಿ ಹಾಕಿದ್ರೆ ಕೈ ನಡುಗೋದು ಅಷ್ಟು ದೂರಕ್ಕೂ ಕಾಣುತ್ತಂತೆ, ಹೊಸಬರಿಗೆ ಕಪ್ಪೇ ವಾಸಿ ಅಂದ್ರು ಸವಾರಿ ಮೇಷ್ಟ್ರು."

"ಹೂಂ. ಎಲ್ಲ ಕೇಳಿ ತಿಳ್ಕೊಂಡಿದೀಯ."

"ನಂಗೇನು ಗೊತ್ತಕ್ಕಾ ಕುದುರೆ ವಿಷಯ? ಅದಕ್ಕೇ ಕೇಳಿದ್ದು. ನೋಡಿ, ಈ ಕಾಗದದಲ್ಲೇ ಬರೆದಿದಾರೆ. ಮುಖ್ಯವಾದ್ದಕ್ಕೆ ಗೆರೆ ಎಳೆದಿದೀನಿ. ನಿಮ್ಮ ಹತ್ರಾನೇ ಇರ್ಲಿ."

ಅವಳು ಹೋದ ಮೇಲೆ ದೊಡ್ಡಮ್ಮ ಕನ್ನಡಕ ಹಾಕ್ಕೊಂಡು ಓದಿದ್ಲು. ಕೆಂಪು ಶಾಯಿಯಲ್ಲಿ, ಅಡಿಪಟ್ಟಿ ಇಟ್ಟು ಎಳೆದ ಗೆರೆ. 'ಕಲಿಯುವವರ ದರ್ಜೆಗೆ ಗಿಡ್ಡ ಕೋಟು ಮಾತ್ರ. ಬಾಲದ ಕೋಟಿಗೆ ಅನುಮತಿಯಿಲ್ಲ. ಧರಿಸಿ ಬಂದವರನ್ನು ಅಂಗಳಕ್ಕೆ ಬಿಡುವುದಿಲ್ಲ.' ಎರಡನೇ ಸಲ ಓದಿದ್ಲು. ಮಡಿಸಿ ಗುಂಡಿ ಡಬ್ಬದ ತಳದಲ್ಲಿಟ್ಟು, ಮೇಲೆ ಗುಂಡಿ ಸುರಿದ್ಲು.

ಸಂಜೆ ಮನೆಗೆ ಹೋಗಿ, ಬೀರು ತೆಗೆದು, ನುಸಿಗುಳಿಗೆ ವಾಸನೆ ಹೊಡೀತಿದ್ದ ತಂಗಿಯ ಕೋಟು ಹೊರಗೆ ತೆಗೆದ್ಲು. ಇದಕ್ಕೆ ನೀವು ಏನು ಹೆಸರಿಡ್ತೀರೋ ಇಡಿ. ಅವಳು ಮಾತ್ರ ಮನಸ್ಸಿಗೆ ಹೇಳ್ಕೊಂಡದ್ದು ಹೀಗೆ: ಅಲ್ಲಿ ಕೂರೋ ತೀರ್ಪುಗಾರರೆಲ್ಲ ನನ್ನ ತಂಗಿನ ಕಂಡೋರು. ಈ ಕೋಟು ನೋಡಿದ ತಕ್ಷಣ ಯಾರ ಮಗಳು ಅಂತ ಗೊತ್ತಾಗುತ್ತೆ. ಮಗುನ ತಡೀತಾರಾ? ಕಾಗದ ಅಂದ್ಮೇಲೆ ನೂರೆಂಟು ಬರೀತಾರೆ. ಬಸ್ಸಲ್ಲಿ ಉಗುಳ್ಬೇಡಿ ಅಂತಾನೂ ಬರೆದಿರುತ್ತೆ.

ಮೂರು ವಾರ ಆ ಕೋಟಿನ ಹಿಂದೆ ಬಿದ್ಲು. ಅಸ್ತರು ಬಿಚ್ಚಿದ್ಲು, ಪಕ್ಕ ಹಿಡಿದ್ಲು, ಹೆಗಲು ಕತ್ತರಿಸಿ ಮತ್ತೆ ಕೂರಿಸಿದ್ಲು, ಬಾಲ ಗಿಡ್ಡ ಮಾಡಿದ್ಲು, ಕಾಜಾ ಎಲ್ಲ ಕೈಯಲ್ಲೇ ಹಾಕಿದ್ಲು. ಗಿರಾಕಿಗಳ ಜಿಪ್ಪುಗಳು ಮೂಲೇಲಿ ಬಾಯಿ ಬಿಟ್ಕೊಂಡು ಬಿದ್ದಿದ್ವು. ಅಳತೆ ನೋಡೋಕೆ ಪುಟ್ಟಿನ ಸ್ಟೂಲ್ ಮೇಲೆ ನಿಲ್ಲಿಸಿದಾಗ ಹುಡುಗಿ ಕೋಟು ನೋಡಿ ಬೆಪ್ಪಾದ್ಲು.

"ದೊಡ್ಡಮ್ಮ, ಇದು ಅಮ್ಮಂದಲ್ವಾ?"

"ಮತ್ತೆ ಪಕ್ಕದ್ಮನೆಯೋರದ್ದಾ? ಕೈ ಮೇಲೆತ್ತು."

"ಇದನ್ನ ನಾನು ಹಾಕ್ಕೊಳ್ಳೋದಾ? ಮೊದಲ್ನೇ ಸಲಕ್ಕೇ?"

"ಯಾಕೆ, ಇಷ್ಟ ಇಲ್ವಾ? ಹೇಳ್ಬಿಡು. ಬಿಚ್ಚಿ ಹಾಕ್ತೀನಿ. ನಂಗೇನು, ಕಣ್ಣು ಹೋದ್ರೆ ಹೋಯ್ತು."

ಪುಟ್ಟಿ ತುಂಬ ಹೊತ್ತು ಸುಮ್ನಿದ್ಲು. ಕೋಟಿನ ಅಂಚಿನ ಮೇಲೆ ಬೆರಳಾಡಿಸಿದ್ಲು. ದೊಡ್ಡಮ್ಮನ ಕಣ್ಣ ಕೆಳಗೆ ನೋಡಿದ್ಲು, ಊದಿಕೊಂಡಿತ್ತು. "ಇಲ್ಲ, ಚೆನ್ನಾಗಿದೆ," ಅಂದ್ಲು.

ಅಮ್ಮನ ನೆನಪಾಯ್ತು ಪಾಪ, ಅಂತ ದೊಡ್ಡಮ್ಮ ಅಂದ್ಕೊಂಡ್ಲು. "ಮನೇಲಿ ಹೇಳ್ಬೇಡ. ನೋಡಿ ಎಲ್ಲರೂ ದಂಗಾಗ್ಲಿ," ಅಂದ್ಲು.

ಗಿಡ್ಡ ಕೋಟಿನ ಗತಿ ಕೇಳ್ತೀರಾ? ಅದರ ಎರಡೂ ತೋಳು ಬಿಚ್ಚಿ ಮೊಳೆಗೆ ನೇತುಹಾಕಿದ್ಲು. ಚಿಕ್ಕಮ್ಮ ಫೋನ್ ಮಾಡಿದಾಗೆಲ್ಲ ಒಂದೇ ಉತ್ತರ: "ನಾಳೆ ಕೊಡ್ತೀನಿ." ದರ್ಜಿಯ ನಾಳೆ ಯಾವ ಪಂಚಾಂಗದಲ್ಲಿದೆ ಹೇಳಿ! ಕೊನೆಗೆ, "ಸ್ಪರ್ಧೆ ದಿನ ನಾನೇ ಲಾಯಕ್ಕೆ ತಂದು ಹಾಕಿಸ್ತೀನಿ, ನೀನು ತಲೆ ಕೆಡಿಸ್ಕೋಬೇಡ," ಅಂದ್ಲು.

ಆ ದಿನ ಬಂತು. ಅಪ್ಪನೂ ಚಿಕ್ಕಮ್ಮನೂ ಬೇಲಿ ಆಚೆ ಬೆಂಚಿನ ಮೇಲೆ ಕೂತಿದ್ರು. ಮೇಷ್ಟ್ರು ಬೆಳಿಗ್ಗೆಯಿಂದ ತೀರ್ಪುಗಾರರ ಮೇಜಿನ ಹತ್ರ ಅಂಕದ ಹಾಳೆ ಹಿಡ್ಕೊಂಡು ಓಡಾಡ್ತಿದ್ರು, ಇತ್ತ ತಿರುಗಿ ನೋಡೋಕೂ ಪುರುಸೊತ್ತಿಲ್ಲ. ಲಾಯದೊಳಗೆ ದೊಡ್ಡಮ್ಮ ಪುಟ್ಟಿಯ ಕೂದಲು ಬಲೆಯೊಳಗೆ ತುರುಕಿ, ಕೋಟಿನ ಗುಂಡಿ ಹಾಕಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿದ್ಲು. ತಂಗಿನೇ. ಅದೇ ಕುತ್ತಿಗೆ, ಅದೇ ಬೆನ್ನು. ಮುಂದೆ ಬಂದು ಕೋಟಿನ ಬಾಲ ಎರಡೂ ಕೈಯಲ್ಲಿ ಸವರಿ ನೇರ ಮಾಡಿದ್ಲು.

ಮುದುಕನ ಮೇಲೆ ಕೂತು ಪುಟ್ಟಿ ಅಂಗಳದ ಬಾಗಿಲಿಗೆ ಬಂದ್ಲು. ದೊಡ್ಡಮ್ಮ ಪಕ್ಕದಲ್ಲೇ. ಬಾಗಿಲಲ್ಲಿ ಪಟ್ಟಿ ಹಿಡಿದು ನಿಂತಿದ್ದ ಹೆಂಗಸು ತಲೆ ಎತ್ತಿ ನೋಡಿ, ಮತ್ತೆ ಪಟ್ಟಿ ನೋಡಿ, "ಏನಮ್ಮ ಇದು? ಕಲಿಯೋರ ದರ್ಜೆ ಅಲ್ವಾ ನೀನು? ಬಾಲದ ಕೋಟು ನಡೆಯಲ್ಲ," ಅಂದ್ಲು.

"ಇದು ಅವರಮ್ಮಂದು," ಅಂದ್ಲು ದೊಡ್ಡಮ್ಮ. "ಅವರಮ್ಮ ಯಾರು ಅಂತ ಒಳಗಿರೋರನ್ನ ಕೇಳಿ."

"ಯಾರದ್ದಾದ್ರೂ ಇರ್ಲಿ ಅಮ್ಮ. ಒಳಗೆ ಬಿಟ್ರೆ ನನ್ನ ತಲೆ ಹೋಗುತ್ತೆ. ಗಿಡ್ಡದ್ದು ಇಲ್ವಾ? ನಿನ್ನ ಮುಂದೆ ಇನ್ನೊಬ್ಬ ಇದಾನೆ, ಆರು ನಿಮಿಷ. ಯಾರದ್ದಾದ್ರೂ ಇಸ್ಕೊಂಡು ಬಾ ಹೋಗು."

ಬೇಲಿ ಆಚೆ ಚಿಕ್ಕಮ್ಮ ಎದ್ದು ನಿಂತಾಗಿತ್ತು. ಓಡಿದ್ಲು. ಆಗಷ್ಟೇ ಸವಾರಿ ಮುಗಿಸಿ ನೀರು ಕುಡೀತಿದ್ದ ಒಬ್ಬ ಹುಡುಗಿಯ ಮೈಮೇಲಿಂದ ಕೋಟು ಬಿಚ್ಚಿಸ್ಕೊಂಡು, ಮರಳಲ್ಲಿ ಒಂದು ಚಪ್ಪಲಿ ಕಳ್ಕೊಂಡು, ಏದುಸಿರು ಬಿಡ್ತಾ ಬಂದ್ಲು.

"ತಗೋ ಪುಟ್ಟಿ. ಅಳತೆ ಆಗುತ್ತೆ. ಬೇಗ."

ಪುಟ್ಟಿ ಕೈ ಚಾಚ್ಲಿಲ್ಲ. ಕುದುರೆ ಮೇಲಿಂದ ದೊಡ್ಡಮ್ಮನ ಮುಖ ನೋಡಿದ್ಲು. ಇಲ್ಲಿ ಸ್ವಲ್ಪ ನಿಂತ್ಕೋಬೇಕು. ಯಾಕಂದ್ರೆ ದೊಡ್ಡಮ್ಮ ಒಂದು ಮಾತು ಅಂದಿದ್ರೆ ಸಾಕಿತ್ತು. 'ಹಾಕ್ಕೋ' ಅಂದಿದ್ರೆ ಹುಡುಗಿ ಅರೆ ನಿಮಿಷದಲ್ಲಿ ಕೋಟು ಬದಲಾಯಿಸಿ ಒಳಗೆ ಹೋಗ್ತಿದ್ಲು. ಎರಡು ವರ್ಷ ಬಿದ್ದು ಎದ್ದು ಕಲಿತದ್ದು ಆ ಬೇಲಿಯೊಳಗೆ ನಾಲ್ಕು ನಿಮಿಷಕ್ಕೆ ಸಲ್ತಿತ್ತು. ದೊಡ್ಡಮ್ಮನಿಗೆ ಅದು ಗೊತ್ತಿತ್ತು. ಬಾಯಿ ಒಣಗಿತ್ತು ಅಂತಾಳೆ ಈಗ ಕೇಳಿದ್ರೆ. ಬಾಯೇನೂ ಒಣಗಿರ್ಲಿಲ್ಲ. ಆ ಕೈಯಿಂದ ಕೋಟು ಇಸ್ಕೊಂಡು ಈ ಹುಡುಗಿ ಹಾಕ್ಕೊಳ್ಳೋದನ್ನ ಅವಳು ನೋಡಲಾರಳಾಗಿದ್ಲು. ಅಷ್ಟೇ. ನೆಲ ನೋಡಿದ್ಲು.

"ಬೇಡ," ಅಂದ್ಲು ಪುಟ್ಟಿ.

ಗಂಟೆ ಹೊಡೀತು. ಪಟ್ಟಿ ಹಿಡಿದ ಹೆಂಗಸು ಒಂದು ಗೆರೆ ಎಳೆದು ಮುಂದಿನ ಹೆಸರು ಕೂಗಿದ್ಲು.

ಲಾಯದ ಹಿಂದೆ ಅಪ್ಪ ಕೆಂಡವಾಗಿದ್ದ. "ಅತ್ತಿಗೆ, ಏನಿದು? ನಿಮಗೆ ಯಾರು ಹೇಳಿದ್ರು ಇದನ್ನ ಹಾಕ್ಸಿ ಅಂತ?"

ದೊಡ್ಡಮ್ಮ ಬಾಯಿ ತೆಗೆಯೋ ಮೊದ್ಲೇ ಪುಟ್ಟಿ ಅಡ್ಡ ಬಂದ್ಲು. ಕಣ್ಣಲ್ಲಿ ನೀರಿದ್ರೂ ಮಾತು ಗಟ್ಟಿ. "ಅವಳಿಗೆ ಬಯ್ಬೇಡಪ್ಪ. ದೊಡ್ಡಮ್ಮಂಗೆ ನಿಯಮ ಗೊತ್ತಿರ್ಲಿಲ್ಲ. ನಂಗೆ ಗೊತ್ತಿತ್ತು. ಮೇಷ್ಟ್ರು ಯಾವಾಗ್ಲೋ ಹೇಳಿದ್ರು."

"ಗೊತ್ತಿದ್ದೂ ಹಾಕ್ಕೊಂಡ್ಯಾ?"

"ಅಷ್ಟು ಕಷ್ಟಪಟ್ಟು ಹೊಲೀತಿದ್ಲು. ಕಣ್ಣೆಲ್ಲ ಊದಿತ್ತು. ಇದು ನಡೆಯಲ್ಲ ಅಂತ ಹೇಗಪ್ಪ ಹೇಳ್ಲಿ? ಬಿಟ್ರೂ ಬಿಡಬಹುದು ಅಂದ್ಕೊಂಡೆ."

ದೊಡ್ಡಮ್ಮನ ಕಿವಿಯಲ್ಲಿ ಗುಂಯ್ ಅಂತು. ಸ್ಟೂಲ್ ಮೇಲೆ ಹುಡುಗಿ ಸುಮ್ನಿದ್ದದ್ದು ಯಾಕೆ ಅಂತ ಈಗ ಅರ್ಥ ಆಯ್ತು. ಅಮ್ಮನ ನೆನಪಿಗಲ್ಲ. ತನ್ನನ್ನ ನೋಯಿಸ್ಬಾರ್ದು ಅಂತ. ಮೂರು ವಾರ ಆ ಮಗು ಇದನ್ನ ಹೊಟ್ಟೆಯಲ್ಲಿ ಇಟ್ಕೊಂಡು ಓಡಾಡಿದೆ.

ಮೆಲ್ಲಗೆ ಕತ್ತು ತಿರುಗಿಸಿ ಚಿಕ್ಕಮ್ಮನ ಕಡೆ ನೋಡಿದ್ಲು. ಚಿಕ್ಕಮ್ಮ ಅವಳನ್ನೇ ನೋಡ್ತಿದ್ಲು. ಒಂದು ಕಾಲಲ್ಲಿ ಚಪ್ಪಲಿ, ಇನ್ನೊಂದು ಬರಿಗಾಲು. ಗೆರೆ ಎಳೆದು ಕಾಗದ ಕೊಟ್ಟ ಕೈ ಅವಳದ್ದು. ಈಗ ಬಿತ್ತು, ಈಗ ಬಿತ್ತು ಅಂತ ದೊಡ್ಡಮ್ಮ ಏಟಿಗೆ ಕಾಯೋರ ಹಾಗೆ ನಿಂತ್ಲು.

"ತಪ್ಪು ನಂದೇ," ಅಂದ್ಲು ಚಿಕ್ಕಮ್ಮ ಗಂಡನ ಕಡೆ ತಿರುಗಿ. "ಗಿಡ್ಡದ್ದೇ ಆಗ್ಬೇಕು ಅಂತ ಅಕ್ಕಂಗೆ ಹೇಳ್ಲಿಲ್ಲ. ನಿಯಮದ ಕಾಗದ ಕೊಡ್ಬೇಕಿತ್ತು. ಮರೆತೆ."

ಬಯ್ದಿದ್ರೆ ದೊಡ್ಡಮ್ಮ ತಡ್ಕೋತಿದ್ಲು. ತಿರುಗಿಸಿ ನಾಲ್ಕು ಬಯ್ದು ಕೈ ತೊಳ್ಕೋತಿದ್ಲು. ಇದನ್ನ ಏನು ಮಾಡೋದು?

ಪುಟ್ಟಿ ಚಿಕ್ಕಮ್ಮನ ಕಡೆ ತಿರುಗಿದ್ಲು. "ಮರೆತ್ರಾ? ನೀವು ಕೊಟ್ಟಿದ್ರೆ ದೊಡ್ಡಮ್ಮ ಇಷ್ಟೆಲ್ಲ ಮಾಡ್ತಾನೇ ಇರ್ಲಿಲ್ಲ. ನಾನೂ ಒಳಗೆ ಹೋಗ್ತಿದ್ದೆ."

"ಹೌದು ಪುಟ್ಟಿ. ತಪ್ಪಾಯ್ತು," ಅಂದು ಚಿಕ್ಕಮ್ಮ ಆ ಇನ್ನೊಂದು ಚಪ್ಪಲಿ ಹುಡುಕೋಕೆ ಹೋದ್ಲು.

ಕಾರಲ್ಲಿ ಬರಲ್ಲ ಅಂತ ಹಟ ಹಿಡಿದು ಪುಟ್ಟಿ ದೊಡ್ಡಮ್ಮನ ಜೊತೆ ಬಸ್ಸು ಹತ್ತಿದ್ಲು. ಬಿಳಿ ಪ್ಯಾಂಟಿನ ಮೊಣಕಾಲಿನ ಮೇಲೆ ಕುದುರೆ ಕೂದಲು ಅಂಟಿತ್ತು. ಕಿಟಕಿ ಪಕ್ಕ ಕೂತು, ದೊಡ್ಡಮ್ಮನ ತೋಳಿಗೆ ತೋಳು ಹೆಣೆದು, ಹೆಗಲಿಗೆ ತಲೆ ಕೊಟ್ಲು. ಚಿಕ್ಕವಳಿದ್ದಾಗ ಹೀಗೇ ಕೂರ್ತಿದ್ಲು. ಬೇಕು ಬೇಕು ಅಂತ ದೊಡ್ಡಮ್ಮ ಬಾಯಿ ಬಿಟ್ಕೊಂಡು ಕಾಯ್ತಿದ್ದದ್ದು ಇದೇ ತಾನೇ? ಸಿಕ್ತಲ್ಲ, ಇಡೀ ಹುಡುಗಿ, ಯಾರ ಪಾಲೂ ಇಲ್ಲದೆ. ಆ ತಲೆ ಎಷ್ಟು ಭಾರ ಅಂತ ಅವಳಿಗೆ ಅವತ್ತು ಗೊತ್ತಾಯ್ತು. ಹೆಗಲು ಅಲ್ಲಾಡಿಸೋಕೆ ಧೈರ್ಯ ಬರ್ಲಿಲ್ಲ.

ನಾಲ್ಕು ಸ್ಟಾಪು ಹೋದ್ಮೇಲೆ ಪುಟ್ಟಿ ಕೇಳಿದ್ಲು. "ದೊಡ್ಡಮ್ಮ."

"ಏನು ಕಂದ?"

"ಚಿಕ್ಕಮ್ಮ ಯಾವ್ದನ್ನೂ ಮರೆಯಲ್ಲ. ಮಾತ್ರೆ ಮರೆಯಲ್ಲ, ಬಿಲ್ಲು ಮರೆಯಲ್ಲ, ನನ್ನ ಪರೀಕ್ಷೆ ದಿನ ನಾನೇ ಮರೆತ್ರೂ ಅವರು ಮರೆಯಲ್ಲ. ಇದೊಂದು ಹೇಗೆ ಮರೆತ್ರು?"

ಕಂಡಕ್ಟರು ಚಿಲ್ಲರೆ ಕೊಡಿ ಅಂತ ಯಾರ ಜೊತೆಯೋ ಜಗಳ ಆಡ್ತಿದ್ದ. ದೊಡ್ಡಮ್ಮ ಅತ್ತ ನೋಡಿದ್ಲು.

"ಬೇಕಂತಲೇ ಮಾಡಿದ್ರಾ ದೊಡ್ಡಮ್ಮ? ಅಮ್ಮನ ಕೋಟಿನ ವಿಷಯ ಹೇಗೋ ಗೊತ್ತಾಗಿ, ನಾನು ಹಾಕೋದು ಅವರಿಗೆ ಇಷ್ಟ ಆಗ್ಲಿಲ್ವಾ?"

ಸಿಗ್ನಲ್ಲಲ್ಲಿ ಬಸ್ಸು ನಿಂತಿತ್ತು. ಹೇಳೋಕೆ ಬೇಕಾದಷ್ಟು ಹೊತ್ತಿತ್ತು. ಡ್ರೈವರು ಎಂಜಿನ್ನೂ ಆರಿಸಿದ್ದ, ಕೇಳಿಸಲ್ಲ ಅನ್ನೋ ನೆಪಾನೂ ಇರ್ಲಿಲ್ಲ.

"ಯಾರಿಗ್ಗೊತ್ತು ಕಂದ," ಅಂದ್ಲು ದೊಡ್ಡಮ್ಮ. "ಯಾರ ಮನಸ್ಸಲ್ಲಿ ಏನಿರುತ್ತೋ."

ಪುಟ್ಟಿ ಹೂಂ ಅಂದು, ಇನ್ನೂ ಹತ್ತಿರ ಸರಿದು ಕೂತ್ಲು.