ಚಿನ್ನುವಿನ ಜಾಗ

ಅಂಗನವಾಡಿಗೆ ಟೀಚರೂ ಬೇಕು, ಆಯಾನೂ ಬೇಕು ಎಂದು ಆರ್ಡರು ಬಂದದ್ದು ತೊಂಬತ್ನಾಲ್ಕರಲ್ಲಿ. ಚಿನಕುರಳಿ ಪಕ್ಕದ ಆ ಊರಿನಲ್ಲಿ ಎಸ್ಸೆಲ್ಸಿ ಪಾಸಾದ ಸೊಸೆಯರು ಇಬ್ಬರೇ, ಪವಿತ್ರ ಮತ್ತು ಅರ್ಚನ. ಯಾವ ಕೆಲಸ ಬೇಕೋ ನೀನೇ ಆರಿಸಿಕೊ ಎಂದು ಮೇಲಿನವರು ಪವಿತ್ರಳಿಗೆ ಹೇಳಿ ಹೋಗಿದ್ದರು.

ಕೆಲಸ ಬಿಡುತ್ತಿದ್ದ ಹಳೇ ಟೀಚರ್ ಇಂದಿರ ಅವಳನ್ನು ಅಂಗನವಾಡಿ ಕೋಣೆಯೊಳಗೆ ಕರೆದು ಹಿಂದಿನ ಗೋಡೆ ತೋರಿಸಿದರು. ಸೂರಿನಿಂದ ನೆಲದವರೆಗೆ ಬಿರುಕು. ಎದುರಿನ ಕಲ್ಲು ಕ್ವಾರಿಯಲ್ಲಿ ಮಧ್ಯಾಹ್ನ ಸೀಟಿ ಊದಿ ಮದ್ದು ಸಿಡಿಸಿದಾಗಲೆಲ್ಲ ಅದು ಇಷ್ಟಿಷ್ಟೇ ಅಗಲವಾಗುತ್ತಿತ್ತು.

“ಕಟ್ಟಡ ಸರಿಯಾಗಿದೆ ಅಂತ ತಿಂಗಳಿಗೊಂದ್ಸಲ ಸೈನ್ ಹಾಕೋಳು ಟೀಚರು. ನನ್ನ ಕೈಲಿ ಇನ್ನಾಗಲ್ಲ ಪವಿತ್ರ. ನೀನು ಹಾಕ್ಬೇಡ, ಮಕ್ಕಳನ್ನ ಹೊರಗೆ ಕೂರಿಸು,” ಎಂದರು.

ಹಾಕದಿದ್ದರೆ ಸುದ್ದಿ ಮೇಲಕ್ಕೆ ಹೋಗಿ ಕ್ವಾರಿ ನಿಲ್ಲುತ್ತದೆ. ಕ್ವಾರಿಯ ಯಜಮಾನ ಕೆಂಪಣ್ಣ ಸುಮ್ಮನಿರುವ ಆಸಾಮಿಯಲ್ಲ. ಪವಿತ್ರಳ ಗಂಡ ರವೀಂದ್ರ ಓಡಿಸುವುದೂ ಅವನ ಟ್ರಾಕ್ಟರನ್ನೇ. ಸಹಿಯ ಸಹವಾಸವೇ ಬೇಡ ಎಂದು ಆಯಾ ಕೆಲಸಕ್ಕೆ ಅರ್ಜಿ ಕೊಟ್ಟಳು.

“ಎಸ್ಸೆಲ್ಸಿ ಓದಿ ಒಲೆ ಊದಕ್ಕೋಯ್ತಾಳಂತೆ,” ಎಂದು ಅತ್ತೆ ಬೆಟ್ಟಮ್ಮ ಮೂರು ದಿನ ಮಾತು ಬಿಟ್ಟಳು. ಟೀಚರಾದ ಅರ್ಚನ ಗೋಡೆ ಕಡೆ ತಿರುಗಿಯೂ ನೋಡದೆ ಸಹಿ ಹಾಕಿದಳು.

ಪವಿತ್ರಳ ಜಾಣತನ ನೋಡಿ! ಸಹಿ ತಪ್ಪಿತು, ಸರಿ. ಮನೆಮನೆಗೆ ಹೋಗಿ ಮಕ್ಕಳನ್ನು ಕರೆತರುವುದು ಆಯಾ ಕೆಲಸವೇ ತಾನೆ? ಹದಿನಾಲ್ಕು ಮಕ್ಕಳನ್ನು ದಿನಾ ಅವಳೇ ಕೈಹಿಡಿದು ತಂದು ಆ ಕೋಣೆಯಲ್ಲಿ ಕೂರಿಸುತ್ತಿದ್ದಳು. ಅವಳ ಮಗಳು ಚಿನ್ನು ಕೂರುತ್ತಿದ್ದದ್ದು ಬಿರುಕಿನ ಬುಡದಲ್ಲಿ. ಒಂದು ಸೋಮವಾರ, ಜ್ವರ ಎಂದು ಸುಳ್ಳು ಹೇಳಿ, ಚಿನ್ನುವನ್ನು ಮಾತ್ರ ಮನೆಯಲ್ಲೇ ಬಿಟ್ಟಳು.

“ನೀನಿದ್ದೀಯಲ್ಲ ಕಣವ್ವ, ನಂಗ್ಯಾವ ಭಯ?” ಎಂದು ಪಕ್ಕದ ಮನೆಯ ಮಾರಮ್ಮ ಅವತ್ತೂ ತನ್ನ ಮೊಮ್ಮಗಳ ಕೈಯನ್ನು ಅವಳ ಕೈಗಿಟ್ಟಳು. ಪವಿತ್ರ ಅವಳನ್ನೂ ಕರೆತಂದಳು.

ಮಧ್ಯಾಹ್ನ ಉಪ್ಪಿಟ್ಟು ಬಡಿಸುವಾಗ ಆ ಮಗು ತಟ್ಟೆ ಎತ್ತಿಕೊಂಡು ಹೋಗಿ ಚಿನ್ನುವಿನ ಜಾಗದಲ್ಲಿ ಕೂತಿತು. ಜಾಗ ಖಾಲಿ ಇತ್ತಲ್ಲ. ಅಷ್ಟರಲ್ಲಿ ಕ್ವಾರಿಯ ಸೀಟಿ ಕೇಳಿಸಿತು.

ಪವಿತ್ರ ಅರ್ಚನಳ ಕಡೆ ನೋಡಿದಳು. ಮಕ್ಕಳನ್ನು ಹೊರಗೆ ಕರೆಯಬೇಕಾದವಳು ಟೀಚರು. ಟೀಚರು ತಲೆ ಬಗ್ಗಿಸಿ ಹಾಜರಿ ಬರೆಯುತ್ತಿದ್ದಳು. ಆಯಾ ಮುಂದಿನ ತಟ್ಟೆಗೆ ಉಪ್ಪಿಟ್ಟು ಬಡಿಸಿದಳು.

“ಚಿನ್ನುಗೆ ಜ್ವರ ಇಲ್ಲ ಕಣಕ್ಕ, ಬೆಳಿಗ್ಗೆ ನನ್ ಜೊತೇಲೇ ಆಡ್ತಿದ್ಲು,” ಎಂದಿತು ಮಗು. ಆಚೆ ಮದ್ದು ಸಿಡಿಯಿತು. ಬಿರುಕಿನಿಂದ ಅದರ ಉಪ್ಪಿಟ್ಟಿನ ಮೇಲೆ ಮಣ್ಣು ಉದುರತೊಡಗಿತು.