ತೆರೆಯದ ಊಟದ ಡಬ್ಬಿ

ದಫೇದಾರರ ಕೂದಲು ಕಾಲರ್ ದಾಟಿ ಕುತ್ತಿಗೆಗೆ ಚುಚ್ಚತೊಡಗಿತ್ತು. ಪೊಲೀಸ್ ಕೆಲಸಕ್ಕೆ ಸೇರಿದ ಮೇಲೆ ಇಷ್ಟು ಬೆಳೆಯಲು ಬಿಟ್ಟವರೇ ಅಲ್ಲ. ಅವರ ಮದುವೆಯ ಫೋಟೋದಲ್ಲಿ ಹೆಂಡತಿಯ ಮುಖಕ್ಕಿಂತ ಅವರ ಕಿವಿಗಳೇ ಎದ್ದು ಕಾಣುತ್ತಿದ್ದವು. ಈಗ ಆ ಕಿವಿಗಳೂ ಅರ್ಧ ಮುಚ್ಚಿಹೋಗಿದ್ದವು.

ಕಟಿಂಗ್ ಅಂಗಡಿ ದೂರವೇನಿರಲಿಲ್ಲ. ಠಾಣೆಯ ಎದುರಿಗೇ ಇತ್ತು. ಠಾಣೆಯ ಅಷ್ಟೂ ತಲೆಗಳು ಅಲ್ಲೇ ಬಗ್ಗುತ್ತಿದ್ದವು. ಆದರೆ ಅಂಗಡಿಯವನ ಎಡಗಿವಿ ಇದೇ ಠಾಣೆಯೊಳಗೆ ಕಿವುಡಾದ ಮೇಲೆ, ಅವನ ಕತ್ತಿಯ ಕೆಳಗೆ ಕುತ್ತಿಗೆ ಒಡ್ಡುವ ಧೈರ್ಯ ಯಾರಿಗಿದೆ? ಉಳಿದವರು ಬಸ್ಸು ಹತ್ತಿ ಬೇರೆ ಬಡಾವಣೆಗೆ ಹೋಗಿ ಬರುತ್ತಿದ್ದರು. ದಫೇದಾರರೂ ಒಮ್ಮೆ ಹೋದರು. ಅಲ್ಲಿಯವನು ಬಟ್ಟೆ ಹೊದಿಸುತ್ತಾ, "ಯಾವ ಠಾಣೆ ಸಾರ್?" ಎಂದು ಕೇಳಿದ. ಅಷ್ಟಕ್ಕೇ ಇವರು ಬಟ್ಟೆ ಕಿತ್ತು ಅವನ ಕೈಗೆ ಕೊಟ್ಟು ಎದ್ದು ಬಂದುಬಿಟ್ಟರು.

ನಡೆದದ್ದು ಇಷ್ಟು. ಹೊಸದಾಗಿ ಬಂದ ಇನ್‌ಸ್ಪೆಕ್ಟರ್ ಸಾಹೇಬರು ತಮ್ಮ ಜೀಪನ್ನು ದಿನವೂ ಕಟಿಂಗ್ ಅಂಗಡಿಯ ಬಾಗಿಲಿಗೆ ಅಡ್ಡವಾಗಿ ನಿಲ್ಲಿಸುತ್ತಿದ್ದರು. "ಗಿರಾಕಿಗಳು ಒಳಗೆ ಬರೋಕಾಗ್ತಿಲ್ಲ, ಸ್ವಲ್ಪ ಮುಂದೆ ಹಾಕ್ಕೊಳ್ಳಿ ಸಾರ್" ಎಂದು ಅಂಗಡಿಯವನು ನಾಲ್ಕು ಜನರೆದುರು ಹೇಳಿದ. ಅದೇ ತಪ್ಪಾಯಿತು. ಮಧ್ಯಾಹ್ನ ಅವನನ್ನು ಕರೆಸಿ ಹಿಂದಿನ ಕೋಣೆಗೆ ಕರೆದೊಯ್ದರು. ಒಳಗೆ ಸಾಹೇಬರು, ಜೀಪಿನ ಚಾಲಕ ಮತ್ತು ಎಲ್ಲರೂ ಲಂಬು ಎಂದು ಕರೆಯುವ ಎತ್ತರದ ಕಾನ್‌ಸ್ಟೆಬಲ್. "ದಫೇದಾರ್ರೇ, ಬಾಗಿಲು ನೋಡ್ಕೊಳ್ಳಿ" ಎಂದರು ಸಾಹೇಬರು. ದಫೇದಾರರು ಹೊರಗೆ ನಿಂತು ಬಾಗಿಲಿನ ಹಿಡಿಯನ್ನು ಎರಡೂ ಕೈಯಲ್ಲಿ ಎಳೆದು ಹಿಡಿದರು. ಒಳಗಿನಿಂದ ಯಾರೋ ಅದನ್ನು ಎಳೆಯುತ್ತಿದ್ದುದು ಅಂಗೈಗೆ ಗೊತ್ತಾಗುತ್ತಿತ್ತು. ಆಮೇಲೆ ಎಳೆಯುವುದು ನಿಂತಿತು.

ಕಾಲು ಜಾರಿ ಬಿದ್ದ ಎಂದು ಬರೆದುಕೊಂಡರು. ನೀವೆಲ್ಲ ಎಲ್ಲಿದ್ದಿರಿ ಎಂದು ಮೇಲಿನವರು ಕೇಳಿದಾಗ, ಆ ಠಾಣೆಯಲ್ಲಿ ಹಿಂದಿನಿಂದ ನಡೆದು ಬಂದ ಉತ್ತರವೊಂದು ತಯಾರಾಗಿಯೇ ಇತ್ತು: "ಊಟಕ್ಕೆ ಕೂತಿದ್ವಿ ಸಾರ್." ದಫೇದಾರರೂ ಅದಕ್ಕೇ ಸಹಿ ಹಾಕಿದರು.

ಅಂದಿನಿಂದ ಬೀದಿಯ ಬಾಯಿಗೆ ಬೀಗ ಬಿದ್ದಿತು. ಖಾಕಿ ಕಂಡರೆ ಟೀ ಅಂಗಡಿಯ ಮಾತು ನಿಲ್ಲುತ್ತಿತ್ತು. ಹೊಲಿಗೆ ಯಂತ್ರ ಕಳವಾದರೂ ಒಬ್ಬಾಕೆ ದೂರು ಕೊಡಲು ಬರಲಿಲ್ಲ. "ಯಂತ್ರ ಹೋಯ್ತು, ಇನ್ನು ಕಿವೀನೂ ಕಳ್ಕೊಳ್ಳಲಾ?" ಎಂದಳಂತೆ. ಕೊನೆಗೆ ಮೇಲಿನವರು ಒಂದು ಸಮಿತಿ ಮಾಡಿದರು. ವಿಚಾರಣೆ ಮುಚ್ಚಿದ ಕೋಣೆಯಲ್ಲಲ್ಲ, ಶಾಲೆಯ ಸಭಾಂಗಣದಲ್ಲಿ, ಜನರ ಮುಂದೆ. ನಡೆಸುವವರು ಅದೇ ಶಾಲೆಯ ನಿವೃತ್ತ ಹೆಡ್‌ಮೇಡಂ.

ಆ ಬೆಳಿಗ್ಗೆ ದಫೇದಾರರು ಮುಳ್ಳಿನ ಮೇಲಿದ್ದರು. ಶೂ ಹಾಕಿ ಬಿಚ್ಚಿದರು, ಮತ್ತೆ ಹಾಕಿದರು. ಹೆಂಡತಿ ಒಳ್ಳೆಯ ಸೀರೆ ಉಟ್ಟು ಹೊರಗೆ ಬಂದಳು.

"ನೀನೆಲ್ಲಿಗೆ?"

"ಸ್ಕೂಲಿಗೆ. ಯಾರು ಬೇಕಾದ್ರೂ ಬರಬಹುದು ಅಂತ ಬೋರ್ಡ್ ಹಾಕಿದಾರಲ್ಲ."

"ಅಲ್ಲಿ ನಿನಗೇನು ಕೆಲಸ?"

"ಮನೇಲೇನು ಕೆಲಸ?" ಎಂದು ಚಪ್ಪಲಿ ಮೆಟ್ಟಿಕೊಂಡಳು.

ಅವರು ಹೆಂಡತಿಯ ಮುಖ ನೋಡದೆ ಶೂ ಲೇಸಿಗೆ ಬಗ್ಗಿದರು. ಬಾಗಿಲು ಹಿಡಿದು ನಿಂತ ದಿನ ಅವರ ಊಟದ ಡಬ್ಬಿ ತುಂಬಿದ್ದ ಹಾಗೇ ಮನೆಗೆ ವಾಪಸಾಗಿತ್ತು. ಹೆಂಡತಿ ಅದನ್ನು ಬರಿದು ಮಾಡಿ ತೊಳೆದಿಟ್ಟಿದ್ದಳು. "ಹಸಿವಿರಲಿಲ್ವಾ?" ಎಂದು ಕೇಳಿದ್ದಳು. "ಕೆಲಸ ಇತ್ತು" ಎಂದಿದ್ದರು. ಆಮೇಲೆ ಊಟಕ್ಕೆ ಕೂತಿದ್ದೆವು ಎಂಬ ಹೇಳಿಕೆಯ ಸುದ್ದಿ ಬೀದಿಯಲ್ಲೆಲ್ಲ ಹರಡಿತು, ಅವಳ ಕಿವಿಗೂ ಬಿತ್ತು. ಅವಳು ಒಂದು ಮಾತೂ ಆಡಲಿಲ್ಲ. ಬೈದಿದ್ದರಾದರೂ ವಾಸಿಯಿತ್ತು.

ಶಾಲೆಯ ಗೇಟಿನಲ್ಲಿ ಸಾಹೇಬರು ಅವರನ್ನು ಪಕ್ಕಕ್ಕೆ ಕರೆದರು. "ನಿವೃತ್ತಿ ಹತ್ರ ಬಂತಲ್ವಾ ದಫೇದಾರ್ರೇ? ಒಳ್ಳೆ ಹೆಸರಿಟ್ಕೊಂಡು ಹೋಗ್ಬೇಕು. ಉಂಡ ಮನೆಗೆ ಎರಡು ಬಗೀಬಾರದು." ದಫೇದಾರರು ತಲೆಯಾಡಿಸಿದರು. ಉಣ್ಣದೇ ಉಂಡೆ ಎಂದವನ ಗತಿಯೇನು ಎಂದು ಆ ಗಾದೆ ಹೇಳುವುದಿಲ್ಲ.

ಸಭಾಂಗಣ ತುಂಬಿತ್ತು. ಕಟಿಂಗ್ ಅಂಗಡಿಯವನು ಮುಂದಿನ ಸಾಲಿನಲ್ಲಿ, ಬಲಗಿವಿ ವೇದಿಕೆಯ ಕಡೆಗಿರುವಂತೆ ಅಡ್ಡಡ್ಡ ಕೂತಿದ್ದ. ಅವನ ಹಿಂದಿನ ಸಾಲಿನಲ್ಲಿ ದಫೇದಾರರ ಹೆಂಡತಿ, ವೇದಿಕೆಯ ಪಕ್ಕದ ಕುರ್ಚಿಯಲ್ಲಿ ಸಾಹೇಬರು. ಹೆಡ್‌ಮೇಡಂ ಸಾಕ್ಷಿಗಳನ್ನು ಹೊರಗೆ ಕೂರಿಸಿ ಒಬ್ಬೊಬ್ಬರನ್ನೇ ಒಳಗೆ ಕರೆಯುತ್ತಿದ್ದರು. ಕಿಟಕಿ ತೆರೆದಿತ್ತು. ಪಕ್ಕದ ಬೆಂಚಿನಲ್ಲಿದ್ದ ದಫೇದಾರರಿಗೆ ಎಲ್ಲವೂ ಕೇಳಿಸುತ್ತಿತ್ತು.

ಮೊದಲು ಲಂಬು. "ಊಟಕ್ಕೆ ಕೂತಿದ್ವಿ ಮೇಡಂ, ಎಲ್ಲರೂ ಒಟ್ಟಿಗೆ."

"ನಿಮ್ಮ ಠಾಣೇಲಿ ಡಬ್ಬಿಗಳನ್ನೆಲ್ಲ ಮಧ್ಯಕ್ಕಿಟ್ಟು ಹಂಚ್ಕೊಂಡು ತಿಂತೀರಂತೆ, ಹೌದಾ?"

"ಹೌದು ಮೇಡಂ. ಒಂದೇ ಮನೆಯವರ ಥರ."

"ಬಹಳ ಒಳ್ಳೇದು. ಹಾಗಾದ್ರೆ ಅವತ್ತು ಯಾರ ಡಬ್ಬೀಲಿ ಏನಿತ್ತಪ್ಪ?"

ಊಟ ಮಾಡಿದೆವು ಎಂದು ಹೇಳಲು ಎಲ್ಲರೂ ಒಪ್ಪಿದ್ದರು. ಏನು ಉಂಡೆವು ಎಂದು ಯಾರೂ ಮಾತಾಡಿಕೊಂಡಿರಲಿಲ್ಲ. ಲಂಬು ಸ್ವಲ್ಪ ತಡವರಿಸಿ, "ದಫೇದಾರ್ ಸಾರ್ ಡಬ್ಬೀಲಿ ಮೊಟ್ಟೆ ಮೇಡಂ" ಎಂದ. ಅವರ ಮನೆಯ ಮೊಟ್ಟೆಗೆ ಠಾಣೆಯಲ್ಲಿ ಯಾವಾಗಲೂ ಕಿತ್ತಾಟ, ಅದು ಬಾಯಿಗೆ ಬಂತು. ಆಮೇಲೆ ಬಂದ ಚಾಲಕ ಕಿಟಕಿಯಾಚೆಯಿಂದ ಅದನ್ನು ಕೇಳಿಸಿಕೊಂಡಿದ್ದ. ಅವನೂ ಮೊಟ್ಟೆಯೇ ಎಂದ. ಉಪ್ಪು ಒಂಚೂರು ಜಾಸ್ತಿಯಿತ್ತು ಎಂದೂ ಸೇರಿಸಿದ. ಜನ ನಕ್ಕರು. ದಫೇದಾರರ ಹೆಂಡತಿ ನಗಲಿಲ್ಲ.

ದಫೇದಾರರ ಸರದಿ ಬಂತು. ಕುತ್ತಿಗೆಯ ಕೂದಲು ಬೆವರಿಗೆ ಅಂಟಿ ನವೆಯೋ ನವೆ.

"ಹೇಳಿ ದಫೇದಾರ್ರೇ. ನಿಮ್ಮ ಡಬ್ಬೀಲಿ ಏನಿತ್ತು?"

ಮೊಟ್ಟೆ. ಒಂದೇ ಒಂದು ಮಾತು. ಅಷ್ಟು ಹೇಳಿ ಕೆಳಗಿಳಿದರೆ ಒಳ್ಳೆಯ ಹೆಸರು, ನಿವೃತ್ತಿ, ಹಾರ. ಅವರು ಹೆಂಡತಿಯ ಕಡೆ ನೋಡಿದರು. ಅಂದು ಅವಳು ಏನು ಹಾಕಿದ್ದಳೋ, ದೇವರಾಣೆಗೂ ಅವರಿಗೆ ಗೊತ್ತಿರಲಿಲ್ಲ. ಅವಳ ಮುಖದಲ್ಲಿ ಹೂಂ ಎಂದೂ ಇರಲಿಲ್ಲ, ಉಹೂಂ ಎಂದೂ ಇರಲಿಲ್ಲ. ಪಾಠ ಒಪ್ಪಿಸುವ ಮಗುವನ್ನು ನೋಡುವ ಹಾಗೆ ಸುಮ್ಮನೆ ನೋಡುತ್ತಿದ್ದಳು. ಅವಳ ಮುಂದಿನ ಸಾಲಿನಲ್ಲಿ ಕಟಿಂಗ್ ಅಂಗಡಿಯವನು ಬಲಗಿವಿಗೆ ಅಂಗೈ ಅಡ್ಡ ಹಿಡಿದು, ಒಂದಕ್ಷರ ತಪ್ಪಬಾರದೆಂಬಂತೆ ಮುಂದಕ್ಕೆ ಬಾಗಿದ್ದ.

ಆ ಅಂಗೈ ನೋಡುತ್ತಿದ್ದಂತೆ, ಬಾಗಿಲಿನ ಹಿಡಿ ಅವರ ಕೈಗೆ ಮತ್ತೆ ಬಂದಂತಾಯಿತು.

"ಗೊತ್ತಿಲ್ಲ ಮೇಡಂ" ಎಂದರು.

"ಗೊತ್ತಿಲ್ವಾ? ಮರೆತು ಹೋಯ್ತಾ?"

"ಮರೆತಿಲ್ಲ. ತೆರೆದೇ ಇಲ್ಲ." ಈ ಬಾರಿ ಜೋರಾಗಿ, ಬಲಗಿವಿಗೆ ಮುಟ್ಟುವಷ್ಟು ಜೋರಾಗಿ ಹೇಳಿದರು: "ಅವತ್ತು ಯಾರೂ ಊಟ ಮಾಡಿಲ್ಲ. ಸಾಹೇಬರು, ಲಂಬು, ಡ್ರೈವರ್ ಮೂವರೂ ಒಳಗಿದ್ರು. ಇವನು ಹೊರಗೆ ಬರದೆ ಇರೋ ಹಾಗೆ ಬಾಗಿಲು ಎಳೆದು ಹಿಡ್ಕೊಂಡು ನಿಂತಿದ್ದವನು ನಾನು."

ಸಾಹೇಬರು ಎದ್ದು ನಿಂತು ಏನೋ ಹೇಳಲು ಹೋದರು. "ಕೂತ್ಕೊಳ್ಳಿ" ಎಂದರು ಹೆಡ್‌ಮೇಡಂ. ಆ ಶಾಲೆಯಲ್ಲಿ ಆ ಸ್ವರಕ್ಕೆ ಕೂರದವರು ಯಾರೂ ಇರಲಿಲ್ಲ. ಸಾಹೇಬರೂ ಕೂತರು.

ಸಂಜೆಯೊಳಗೆ ಸಾಹೇಬರು, ಲಂಬು, ಚಾಲಕರ ಜೊತೆ ದಫೇದಾರರೂ ಅಮಾನತಾದರು. ಅವರು ಹೆಂಡತಿಯ ಜೊತೆ ಮನೆಗೆ ನಡೆದು ಹೊರಟರು. ತಿರುವಿನಲ್ಲಿ ಅವಳು ಹೇಳಿದಳು, "ಮೊಟ್ಟೇನೇ ಹಾಕಿದ್ದೆ."

"ಏನು?"

"ಅವತ್ತು. ಡಬ್ಬೀಲಿ ಮೊಟ್ಟೇನೇ ಇತ್ತು. ಉಪ್ಪು ಮಾತ್ರ ಸರಿಯಾಗೇ ಇತ್ತು."

ದಫೇದಾರರು ಅಲ್ಲೇ ಯಾರದೋ ಮನೆಯ ಮೆಟ್ಟಿಲ ಮೇಲೆ ಕುಸಿದು ಕೂತರು. ಮೊದಲು ನಗು ಬಂತು, ಅದರ ಬೆನ್ನಿಗೇ ಅಳು. ಅವಳು ಪಕ್ಕದಲ್ಲಿ ಕೂತು, ಅವರ ಕಾಲರಿನ ಮೇಲಿನ ಕೂದಲನ್ನು ಬೆರಳಿಂದ ಎತ್ತಿ ನೋಡಿದಳು. "ನಾಳೆ ಹೋಗಿ ಕತ್ತರಿಸ್ಕೊಂಡು ಬನ್ನಿ, ನೋಡೋಕಾಗಲ್ಲ" ಎಂದಳು.

ಮರುದಿನ ಬೆಳಿಗ್ಗೆ ಅವರು ಮಾಮೂಲಿ ಅಂಗಿ ತೊಟ್ಟು ಠಾಣೆಯ ಎದುರಿನ ಅಂಗಡಿಗೆ ಹೋದರು. ಬಾಗಿಲ ಬಳಿ ಹೋಗಿ ಹಿಂದೆ ಬಂದರು, ಟೀ ಅಂಗಡಿಯ ತನಕ ಹೋಗಿ ಮತ್ತೆ ತಿರುಗಿದರು. ಒಳಗೆ ಹರಟುತ್ತಾ ಕೂತಿದ್ದವರು ಇವರನ್ನು ಕಂಡು ಮಾತು ನಿಲ್ಲಿಸಿದರು. ಅಂಗಡಿಯವನು ಖಾಲಿ ಕುರ್ಚಿಯನ್ನು ಟವೆಲಿನಿಂದ ಒಮ್ಮೆ ಝಾಡಿಸಿದ. ಬನ್ನಿ ಎನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ. ದಫೇದಾರರು ಕೂತರು.

ಕತ್ತರಿ ಚಕಚಕ ಎನ್ನುತ್ತಾ ಕುತ್ತಿಗೆಯಿಂದ ಕಿವಿಯತ್ತ ಬಂತು. ಅವನು ಬಲಕ್ಕೆ ಬಂದು ಬಾಗಿದಾಗ ದಫೇದಾರರು ಮೆಲ್ಲಗೆ ಹೇಳಿದರು, "ತಪ್ಪಾಯ್ತಪ್ಪ."

"ನಿನ್ನೆ ಹಾಲ್‌ನಲ್ಲಿ ಹೇಳಿದ್ದು ಕೇಳಿಸ್ತು ಸಾರ್" ಎಂದ ಅವನು. "ಇದೊಂದು ಕಿವಿ ಇದೆಯಲ್ಲ."

ಕೂದಲು ಮುಗಿಯಿತು. ಕನ್ನಡಿಯಲ್ಲಿ ಹಳೆಯ ಕಿವಿಗಳು ಮತ್ತೆ ಎದ್ದು ಕಂಡವು. ಮೊದಲಿನ ರೂಢಿಯಂತೆ ದಫೇದಾರರು ತಲೆ ಹಿಂದಕ್ಕೆ ಒರಗಿಸಿ, ಕಣ್ಣು ಮುಚ್ಚಿ, ಶೇವಿಂಗಿಗೆಂದು ಗಂಟಲು ಒಡ್ಡಿದರು. ಸೋಪಿನ ನೊರೆ ಬರಲಿಲ್ಲ. ಕಣ್ಣು ತೆರೆದರೆ ಅಂಗಡಿಯವನು ಕತ್ತಿಯನ್ನು ಮಡಿಸಿ ಮತ್ತೆ ಖಾನೆಯೊಳಗೆ ಇಡುತ್ತಿದ್ದ.

"ಗಡ್ಡ ಮನೇಲೇ ಮಾಡ್ಕೊಳ್ಳಿ ಸಾರ್."

"ನನಗೇನೂ ಭಯ ಇಲ್ಲಪ್ಪ."

"ನಿಮಗಿಲ್ಲ, ಸರಿ" ಎಂದ ಅವನು, ಬಟ್ಟೆ ಬಿಚ್ಚಿ ಕೂದಲು ಕೊಡವುತ್ತಾ. "ನನ್ನ ಕೈ ಮೇಲೆ ನನಗಿನ್ನೂ ನಂಬಿಕೆ ಬಂದಿಲ್ಲ. ಮುಂದಿನ ತಿಂಗಳು ಬನ್ನಿ, ನೋಡೋಣ."